ನೋಟ ತನ್ನಿಚ್ಛೆ

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಮೂವತ್ತು ವರ್ಷಗಳಿಂದ ಹೈಸ್ಕೂಲು ಮಕ್ಕಳಿಗೆ ಕೊಡುತ್ತ ಬಂದಿದ್ದೇನೆ. ಮಕ್ಕಳೂ ಮೂವತ್ತು ವರ್ಷಗಳಿಂದ ಒಂದೇ ಉತ್ತರ ಬರೆಯುತ್ತ ಬಂದಿದ್ದಾರೆ. ತಿನ್ನುವುದು ನಮ್ಮ ಇಷ್ಟದಂತೆ ಇರಬಹುದು, ಆದರೆ ಉಡುಗೆ ತೊಡುಗೆ ನಾಲ್ಕು ಜನ ಮೆಚ್ಚುವಂತೆ ಇರಬೇಕು ಎಂದು. ನಾನೂ ಕೆಂಪು ಶಾಯಿಯಲ್ಲಿ ಸರಿ ಹಾಕಿ ಮೂರಕ್ಕೆ ಎರಡೂವರೆ ಅಂಕ ಕೊಟ್ಟಿದ್ದೇನೆ. ‘ನೋಟ’ ಎಂದರೆ ನಾವು ಕಾಣಿಸಿಕೊಳ್ಳುವ ರೀತಿ ಮಾತ್ರವಲ್ಲ, ನಾವು ನೋಡುವ ರೀತಿಯೂ ಹೌದು ಎಂದು ನನಗೆ ಹೊಳೆದದ್ದು ಐವತ್ತೈದನೆಯ ವಯಸ್ಸಿನಲ್ಲಿ, ಶಿವಮೊಗ್ಗದ ಒಂದು ಕ್ಯಾಮೆರಾ ಅಂಗಡಿಯ ಗಾಜಿನ ಮೇಜಿನ ಮುಂದೆ ನಿಂತಿದ್ದಾಗ.

“ಮಗನಿಗಾ ಮೇಡಂ?” ಎಂದ ಅಂಗಡಿಯ ಹುಡುಗ. ಅಲ್ಲ, ನನಗೇ ಎಂದೆ. ಅವನು ನನ್ನ ಕೈಯಲ್ಲಿದ್ದ ಬಟ್ಟೆಯ ಚೀಲವನ್ನೂ ಅದರೊಳಗಿಂದ ಇಣುಕುತ್ತಿದ್ದ ಉತ್ತರಪತ್ರಿಕೆಗಳ ಕಟ್ಟನ್ನೂ ನೋಡಿದ. “ಹಾಗಾದ್ರೆ ಸರ್ ಬಂದಾಗ ಜೊತೇಲಿ ಬನ್ನಿ, ಟೆಕ್ನಿಕಲ್ ಎಲ್ಲ ಅವರಿಗೆ ಹೇಳ್ತೀನಿ” ಎಂದ. ನಮ್ಮ ಮನೆಯ ಸರ್‌ಗೆ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಸಿಕ್ಕಿಸುವ ಟೆಕ್ನಿಕ್ಕೂ ಗೊತ್ತಿಲ್ಲ ಎಂಬುದನ್ನು ಆ ಹುಡುಗನಿಗೆ ಹೇಳಲು ಹೋಗಲಿಲ್ಲ. ನಾನು ಅಲ್ಲಿಂದ ಕದಲದಿದ್ದುದನ್ನು ಕಂಡು ಅವನು ಒಂದು ಕಪ್ಪು ಕ್ಯಾಮೆರಾವನ್ನು ಮೇಜಿನ ಮೇಲಿಟ್ಟ. “ತಗೊಂಡ್ರೆ ಇದನ್ನೇ ತಗೊಳ್ಳಿ. ಫುಲ್ ಫ್ರೇಮು, ಮಿರರ್‌ಲೆಸ್ಸು. ಮುಂದಿನ ಹತ್ತು ವರ್ಷಕ್ಕೆ ಯೋಚನೆ ಇಲ್ಲ, ಈ ಸಿಸ್ಟಮ್ಮಿಗೆ ಭವಿಷ್ಯ ಇದೆ.” ಬೆಲೆ ಕೇಳಿದೆ. ನನ್ನ ನಾಲ್ಕು ತಿಂಗಳ ಸಂಬಳಕ್ಕಿಂತ ಹೆಚ್ಚಿತ್ತು. ಲೆನ್ಸಿನ ಬೆಲೆ ಬೇರೆ.

ಭವಿಷ್ಯ ಎಂಬ ಮಾತು ನನ್ನನ್ನು ಚುಚ್ಚಿತು. ಏಕೆಂದರೆ ನಾನು ಕ್ಯಾಮೆರಾ ಕೊಳ್ಳಲು ಹೊರಟದ್ದು ನನ್ನ ಅಮ್ಮನಿಗಾಗಿ. ಅಮ್ಮನಿಗೆ ಎಂಬತ್ತನಾಲ್ಕು. ಸಾಗರದ ಹತ್ತಿರದ ಅಡಿಕೆ ತೋಟದ ಮನೆಯಲ್ಲಿ ತಮ್ಮನ ಜೊತೆ ಇದ್ದಾಳೆ. ವರ್ಷ ವರ್ಷವೂ ಅಪ್ಪೆಮಿಡಿಯ ಕಾಲ ಬಂದರೆ ಉಪ್ಪಿನಕಾಯಿ ಹಾಕುವುದು ಅವಳ ಕೆಲಸ, ಇನ್ನೊಬ್ಬರು ಮುಟ್ಟುವಂತಿಲ್ಲ. ತೊಟ್ಟು ಮುರಿದ ಮಿಡಿಯನ್ನು ಬೆರಳ ತುದಿಯಲ್ಲೇ ಗುರುತಿಸಿ ಆಚೆ ಸರಿಸುತ್ತಾಳೆ, ಕಣ್ಣಿನಿಂದ ನೋಡುವುದೇ ಇಲ್ಲ. ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು. ಎರಡು ವರ್ಷದಿಂದ ಅವಳ ಬಲಗೈ ಸಣ್ಣಗೆ ನಡುಗುತ್ತಿದೆ. ಕಳೆದ ವರ್ಷ ಆ ಕೈಗಳ ಫೋಟೋ ತೆಗೆಯೋಣವೆಂದು ಮೊಬೈಲು ಹಿಡಿದೆ. ಆ ಅಡಿಗೆಮನೆಗೆ ಇರುವುದು ಪೂರ್ವದ ಕಡೆಯ ಒಂದೇ ಕಿಟಕಿ. ಫ್ಲಾಶ್ ಹಾಕಿದರೆ ಅಮ್ಮ ಕಣ್ಣು ಮುಚ್ಚಿ ಕಲ್ಲಾಗುತ್ತಾಳೆ, ಕಣ್ಣಿನ ಪೊರೆ ತೆಗೆಸಿದ ಮೇಲೆ ಆ ಬೆಳಕೆಂದರೆ ಅವಳಿಗಾಗದು. ಫ್ಲಾಶ್ ಇಲ್ಲದೆ ತೆಗೆದರೆ ಚಲಿಸುವ ಬೆರಳುಗಳೆಲ್ಲ ಕಲಸಿಹೋದವು. ನಿಂತ ಮುಖವೇನೋ ಚೆನ್ನಾಗಿ ಬಂತು, ಎಷ್ಟು ಚೆನ್ನಾಗಿ ಎಂದರೆ ಅಮ್ಮನ ಕೆನ್ನೆಯ ಸುಕ್ಕುಗಳೇ ಮಾಯ! ನಸುಗತ್ತಲ ಅಡಿಗೆಮನೆ ಟ್ಯೂಬ್‌ಲೈಟ್ ಹಾಕಿದ ಮದುವೆ ಛತ್ರದಂತೆ ಬೆಳಗುತ್ತಿತ್ತು. ಮೊಬೈಲು ಒಂದರ ಮೇಲೊಂದು ಹಲವು ಚಿತ್ರ ತೆಗೆದು, ಸೇರಿಸಿ, ತಿದ್ದಿ, ತನಗೆ ಚೆಂದವೆನಿಸಿದ್ದನ್ನು ಕೊಡುತ್ತದೆ. ಅದೂ ಪರರಿಚ್ಛೆಯ ನೋಟವೇ.

ಅಮ್ಮ ಹಾಗೆ ಕಲ್ಲಾಗಿ ನಿಲ್ಲುವುದಕ್ಕೆ ಹಳೆಯ ಕಾರಣವೂ ಇದೆ. ನಮ್ಮ ಅಪ್ಪನ ಹತ್ತಿರ ಆಗ್ಫಾ ಕ್ಲಿಕ್ 3 ಇತ್ತು. ಬರೋಡದಲ್ಲಿ ತಯಾರಾಗುತ್ತಿದ್ದ ಕಪ್ಪು ಡಬ್ಬಿ. ನಿಮ್ಮಲ್ಲಿ ನನ್ನ ವಾರಗೆಯವರಿಗೆ ಅದರ ನೆನಪಿರುತ್ತದೆ. ಬಿಸಿಲಿಗೆ ಒಂದು ಗುರುತು, ಮೋಡಕ್ಕೆ ಒಂದು ಗುರುತು, ಅಷ್ಟೇ ಅದರ ಶಾಸ್ತ್ರ. 120 ಅಳತೆಯ ರೀಲು, ಒಂದು ರೀಲಿಗೆ 12 ಚಿತ್ರ. ಹನ್ನೆರಡೇ ಇದ್ದುದರಿಂದ ಒಂದೊಂದೂ ಸಮಾರಂಭ. ಅಂಗಳದ ಬಿಸಿಲಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಸೆರಗು ಸರಿಮಾಡಿಸಿ, “ಅಲ್ಲಾಡಬೇಡಿ” ಎಂದು ಅಪ್ಪ ಗದರುತ್ತಿದ್ದರು. ಆ ಕ್ಯಾಮೆರಾ ಬೀರುವಿನ ಮೇಲಿನ ಅರೆಯಲ್ಲಿತ್ತು, ಹೆಣ್ಣುಮಕ್ಕಳು ಮುಟ್ಟುವಂತಿರಲಿಲ್ಲ. ಹಾಗಾಗಿ ನಮ್ಮ ಮನೆಯ ಹಳೆಯ ಆಲ್ಬಮ್ಮಿನಲ್ಲಿ ಅಮ್ಮ ಹದಿನೇಳು ಕಡೆ ಇದ್ದಾಳೆ, ಎಣಿಸಿದ್ದೇನೆ. ಹದಿನೇಳರಲ್ಲೂ ನಿಂತಿದ್ದಾಳೆ. ನಾನು ಕಂಡ ಅಮ್ಮ ನಿಂತದ್ದೇ ಕಡಿಮೆ. ಕೂತು ಕೆಲಸ ಮಾಡುವ ಅಮ್ಮನ ಒಂದು ಚಿತ್ರವೂ ನಮ್ಮಲ್ಲಿಲ್ಲ.

ಶಿವಮೊಗ್ಗದಿಂದ ಅಂದು ಬರಿಗೈಯಲ್ಲಿ ಬಂದೆ. ಬಂದವಳು ಪಾಠಕ್ಕೆ ಟಿಪ್ಪಣಿ ಮಾಡಿಕೊಳ್ಳುವ ಹಾಗೆ ಒಂದು ನೋಟ್‌ಬುಕ್ಕು ತೆಗೆದುಕೊಂಡು ಈ ಸಿಸ್ಟಮ್ ಎಂಬುದೇನು ಎಂದು ಓದಲು ಕೂತೆ. ನನ್ನ ಬಿ.ಎ.ಯಲ್ಲಿ ಇದ್ದದ್ದು ಇತಿಹಾಸ ಮತ್ತು ಕನ್ನಡ, ಭೌತಶಾಸ್ತ್ರದ ಗಂಧವಿಲ್ಲ. ಆದರೂ ಒಂದು ವಾರದಲ್ಲಿ ಅರ್ಥವಾಯಿತು. ಅರ್ಥಮಾಡಿಸಿದ್ದು ನಮ್ಮ ಮಿಕ್ಸಿ.

ಮಿಕ್ಸಿಯಲ್ಲಿ ಮೋಟಾರು ಬೇರೆ, ಜಾರು ಬೇರೆ ಅಲ್ಲವೇ? ಚಟ್ನಿಗೆ ಚಿಕ್ಕ ಜಾರು, ಹಿಟ್ಟಿಗೆ ದೊಡ್ಡದು. ಆದರೆ ಒಂದು ಕಂಪನಿಯ ಜಾರು ಇನ್ನೊಂದು ಕಂಪನಿಯ ಮೋಟಾರಿನ ಮೇಲೆ ಕೂರುವುದಿಲ್ಲ. ಕ್ಯಾಮೆರಾದ ದೇಹವೆಂದರೆ ಮೋಟಾರು, ಲೆನ್ಸುಗಳೆಂದರೆ ಜಾರುಗಳು. ಎರಡೂ ಕೂಡುವ ಲೋಹದ ಬಳೆಗೆ ಮೌಂಟ್ ಎಂದು ಹೆಸರು. ಆ ಬಳೆ ಯಾವುದೆಂದು ಆರಿಸಿದ ದಿನವೇ ಮುಂದೆ ನೀವು ಕೊಳ್ಳಬಹುದಾದ ಲೆನ್ಸುಗಳನ್ನೆಲ್ಲ ಆರಿಸಿದ ಹಾಗೆ. ದೇಹ ಐದಾರು ವರ್ಷಕ್ಕೆ ಹಳತೆನಿಸುತ್ತದೆ. ಒಳ್ಳೆಯ ಲೆನ್ಸು ಚೆನ್ನಾಗಿ ಇಟ್ಟುಕೊಂಡರೆ ಇಪ್ಪತ್ತು ಮೂವತ್ತು ವರ್ಷ ಬರುತ್ತದೆ. ಆದರೂ ಅಂಗಡಿಗೆ ಹೋದ ಹತ್ತರಲ್ಲಿ ಒಂಬತ್ತು ಜನ ದುಡ್ಡನ್ನೆಲ್ಲ ದೇಹಕ್ಕೆ ಸುರಿದು, ಲೆನ್ಸಿಗೆ ಬಂದಾಗ ಡಬ್ಬಿಯ ಜೊತೆ ಕೊಟ್ಟದ್ದೇ ಸಾಕೆನ್ನುತ್ತಾರೆ. ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದ ಹಾಗೆ.

ಇನ್ನು ‘ಭವಿಷ್ಯ’ದ ಮಾತು. ಇತಿಹಾಸ ಓದಿದವಳಾದ್ದರಿಂದ ಈ ಕಂಪನಿಗಳ ವಂಶಾವಳಿಯನ್ನೇ ಬರೆದುಕೊಂಡೆ. ನಿಕಾನಿನವರು 1959ರಲ್ಲಿ ತಂದ ಎಫ್ ಮೌಂಟನ್ನು ಅರ್ಧ ಶತಮಾನಕ್ಕೂ ಮೀರಿ ನಡೆಸಿದರು, 2018ರಲ್ಲಿ ಝಡ್ ಎಂಬ ಹೊಸ ಬಳೆ ತಂದರು. ಕ್ಯಾನನ್ನಿನವರು 1987ರಲ್ಲಿ ತಮ್ಮ ಹಳೆಯ ಮೌಂಟನ್ನು ಪೂರ್ತಿ ಬಿಟ್ಟು ಇಎಫ್ ತಂದರು. ಹಳೆಯ ಲೆನ್ಸಿದ್ದವರು ಅಂದು ಎಷ್ಟು ಹಲುಬಿದರೋ! 2018ರಲ್ಲಿ ಮತ್ತೆ ಆರ್‌ಎಫ್ ಬಂತು. ಅದೇ ಕಂಪನಿ 2012ರಲ್ಲಿ ತಂದಿದ್ದ ಚಿಕ್ಕ ಇಎಫ್-ಎಂ ಮೌಂಟು ಅನಾಥವಾಯಿತು, ಅದರ ಲೆನ್ಸುಗಳು ಹೊಸ ಆರ್‌ಎಫ್ ದೇಹಕ್ಕೆ ಕೂರುವುದಿಲ್ಲ. ಮಿನೋಲ್ಟಾದ ಕ್ಯಾಮೆರಾ ವ್ಯವಹಾರ 2006ರಲ್ಲಿ ಸೋನಿಯ ಪಾಲಾಯಿತು. ಒಲಿಂಪಸ್‌ನ ಕ್ಯಾಮೆರಾ ವಿಭಾಗ 2021ರ ಜನವರಿಯಲ್ಲಿ ಬೇರೊಂದು ಹೊಸ ಕಂಪನಿಯ ಕೈಗೆ ಹೋಯಿತು. ಸ್ಯಾಮ್‌ಸಂಗ್ 2010ರಲ್ಲಿ ಒಂದು ಸಿಸ್ಟಮ್ ತಂದು ಕೆಲವೇ ವರ್ಷಗಳಲ್ಲಿ ಅಂಗಡಿ ಮುಚ್ಚಿತು. ಇವರೆಲ್ಲರೂ ಮಾರುವಾಗ ಭವಿಷ್ಯವಿದೆ ಎಂದೇ ಮಾರಿದವರು.

ಹಾಗೆಂದು ಹೊಸದನ್ನು ಹಳಿಯುವುದೂ ಸರಿಯಲ್ಲ. ಕನ್ನಡಿಯಿಲ್ಲದ ಹೊಸ ಕ್ಯಾಮೆರಾಗಳಿಗೆ ಒಂದು ನಿಜವಾದ ಅನುಕೂಲವಿದೆ. ನಿಕಾನಿನ ಹಳೆಯ ಎಫ್ ಮೌಂಟಿನಲ್ಲಿ ಲೆನ್ಸಿನ ಬಳೆಯಿಂದ ಸೆನ್ಸರಿನವರೆಗಿನ ದೂರ 46.5 ಮಿಲಿಮೀಟರು, ಏಕೆಂದರೆ ನಡುವೆ ಕನ್ನಡಿ ಮೇಲೆ ಕೆಳಗೆ ಆಡಬೇಕು. ಝಡ್‌ನಲ್ಲಿ ಅದು ಬರೀ 16 ಮಿಲಿಮೀಟರು. ಉಳಿದ ಜಾಗಕ್ಕೆ ಒಂದು ಉಂಗುರ ತೊಡಿಸಿದರೆ ಹಳೆಯ ಲೆನ್ಸು ಹೊಸ ದೇಹಕ್ಕೆ ಕೂರುತ್ತದೆ. ಹೊಸ ಲೆನ್ಸನ್ನು ಹಳೆಯ ದೇಹಕ್ಕೆ ಕೂರಿಸಲು ಮಾತ್ರ ಆಗದು, ದೂರವನ್ನು ಕೂಡಿಸಬಹುದು, ಕಳೆಯಲಾಗದು. ಶಬ್ದವಿಲ್ಲದೆ ಚಿತ್ರ ತೆಗೆಯುವುದು, ಮುಖದೊಳಗಿನ ಕಣ್ಣನ್ನೇ ಹುಡುಕಿ ಹಿಡಿಯುವುದು, ಇದೆಲ್ಲ ಹೊಸದರಲ್ಲಿ ಚೆನ್ನಾಗಿದೆ. ಮದುವೆ ಫೋಟೋ ತೆಗೆದು ಬದುಕುವ ಹುಡುಗಿಯೊಬ್ಬಳು ಕೇಳಿದರೆ ಹೊಸದನ್ನೇ ಕೊಳ್ಳು ಎಂದೇನು. ಅವಳಿಗೆ ಮುಂದೆ ಇಪ್ಪತ್ತು ವರ್ಷವಿದೆ. ಎಂಬತ್ತನಾಲ್ಕರ ಅಮ್ಮನ ಮುಂದೆ ಕೂತು ನಾನು ಹತ್ತು ವರ್ಷದ ಲೆಕ್ಕ ಹಾಕಲೇ? ನನಗಿದ್ದದ್ದು ಬರುವ ಮಿಡಿಯ ಕಾಲ ಒಂದೇ.

ಫುಲ್ ಫ್ರೇಮಿನ ಪ್ರತಿಷ್ಠೆಯೂ ಹೀಗೆಯೇ. ಹಳೆಯ 35 ಎಂ.ಎಂ. ರೀಲಿನಷ್ಟೇ, ಎಂದರೆ 36ಕ್ಕೆ 24 ಮಿಲಿಮೀಟರಿನ ಸೆನ್ಸರು ಇದ್ದರೆ ಅದು ಫುಲ್ ಫ್ರೇಮು. ಅದಕ್ಕಿಂತ ಚಿಕ್ಕ ಎಪಿಎಸ್-ಸಿ ಸೆನ್ಸರಿನ ವಿಸ್ತೀರ್ಣ ಅದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಮೈಕ್ರೋ ಫೋರ್ ಥರ್ಡ್ಸ್ ಎಂಬುದು ಸುಮಾರು ಕಾಲುಭಾಗ. ದೊಡ್ಡ ಸೆನ್ಸರಿಗೆ ಕತ್ತಲಲ್ಲಿ ಶಕ್ತಿ ಹೆಚ್ಚು, ನಿಜ. ಆದರೆ ಅದರ ಲೆನ್ಸುಗಳ ತೂಕವೂ ಹೆಚ್ಚು, ಬೆಲೆಯೂ ಹೆಚ್ಚು. ಗೋಡೆಯಷ್ಟು ದೊಡ್ಡ ಚಿತ್ರ ಮುದ್ರಿಸದವರಿಗೆ ಈ ವ್ಯತ್ಯಾಸ ಕಾಣುವುದು ಕಡಿಮೆ. ನಾನು ಮುದ್ರಿಸಬೇಕೆಂದಿದ್ದುದು ಆಲ್ಬಮ್ಮಿನ ಪುಟದ ಅಳತೆಯಲ್ಲಿ.

ಕತ್ತಲ ಅಡಿಗೆಮನೆಗೆ ನಿಜವಾಗಿ ಬೇಕಾದದ್ದು ಲೆನ್ಸಿನ ಬಾಯಿ ಅಗಲವಾಗಿರುವುದು. ಎಫ್ ಎಂದು ಬರೆದ ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಡಬ್ಬಿಯ ಜೊತೆ ಬರುವ 18-55 ಜೂಮ್ ಲೆನ್ಸು ನಡುವಿನಲ್ಲಿ, 35ರ ಹತ್ತಿರ, ಎಫ್/4.5ಕ್ಕಿಂತ ಹೆಚ್ಚು ಬಾಯಿ ತೆರೆಯುವುದಿಲ್ಲ. ಎಫ್/1.8ರ ಒಂದು ಸಾದಾ ಲೆನ್ಸು ಅದಕ್ಕಿಂತ ಆರು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಆರು ಪಟ್ಟು! ಕಿಟಕಿ ಒಂದಿದ್ದ ಕಡೆ ಆರು ಕಿಟಕಿ ಒಡೆಸಿದ ಹಾಗೆ. ಅಂಗಡಿಯ ಹುಡುಗ ಒಂದು ಗಂಟೆಯ ಮಾತಿನಲ್ಲಿ ಇದನ್ನು ಹೇಳಲಿಲ್ಲ. ನಾನು ಓದಿದ ಕ್ಯಾಮೆರಾ ವಿಮರ್ಶೆಗಳಲ್ಲೂ ಇದು ಮೂಲೆಯಲ್ಲಿತ್ತು. ಸೆಕೆಂಡಿಗೆ ಎಷ್ಟು ಚಿತ್ರ, ಎಷ್ಟು ಮೆಗಾಪಿಕ್ಸೆಲ್, ಓಡುವ ಕಾರು, ಹಾರುವ ಹಕ್ಕಿ, ಇಟ್ಟಿಗೆ ಗೋಡೆಯ ಮೂಲೆ ಎಷ್ಟು ಚೂಪಾಗಿದೆ, ಇವೇ ಅವುಗಳ ಅಳತೆಗೋಲು. ಬರೆದವರು ಜಾಣರೇ. ಆದರೆ ಅವರ್ಯಾರೂ ಅಡಿಗೆಮನೆಯ ಒಳಗೆ ಬಂದು ಅಳೆದಂತೆ ಕಾಣಲಿಲ್ಲ. ಪಾಕಶಾಸ್ತ್ರದ ಪುಸ್ತಕದಲ್ಲಿ ಒಲೆಯ ಬಣ್ಣವನ್ನೇ ನಲವತ್ತು ಪುಟ ವರ್ಣಿಸಿದರೆ ಹೇಗಿರುತ್ತದೆ?

ಹೀಗೆ ಬೇಸರವಾದಾಗ ಕ್ಯಾಮೆರಾಗಳ ಬಗ್ಗೆ ಓದುವುದನ್ನು ಬಿಟ್ಟು ಹೆಂಗಸರು ತೆಗೆದ ಚಿತ್ರಗಳನ್ನು ನೋಡತೊಡಗಿದೆ. ಇಬ್ಬರು ನನಗೆ ಗುರುಗಳಾದರು.

ಒಬ್ಬಳು ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್. ಹೆಸರಲ್ಲೇ ಕ್ಯಾಮೆರಾ ಇರುವುದು ಕಾಕತಾಳೀಯ. 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದವಳು. ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದಲ್ಲಿದ್ದಾಗ, 1863ರಲ್ಲಿ, ಮಗಳು ಅಳಿಯ ಸೇರಿ ಅವಳಿಗೊಂದು ಕ್ಯಾಮೆರಾ ಉಡುಗೊರೆ ಕೊಟ್ಟರು. ಆಗ ಅವಳಿಗೆ ನಲವತ್ತೆಂಟು ವರ್ಷ, ಆರು ಮಕ್ಕಳನ್ನು ಹೆತ್ತಿದ್ದಳು. ಕೋಳಿಗೂಡನ್ನು ಖಾಲಿ ಮಾಡಿಸಿ ಗಾಜಿನ ಕೋಣೆ ಮಾಡಿಕೊಂಡಳು. ಗಾಜಿನ ಫಲಕಕ್ಕೆ ರಾಸಾಯನಿಕ ಬಳಿದು, ಅದು ಒದ್ದೆಯಾಗಿರುವಾಗಲೇ ಚಿತ್ರ ತೆಗೆದು ತೊಳೆಯಬೇಕಾಗಿದ್ದ ಕಾಲ ಅದು. ಎದುರಿಗೆ ಕೂತವರು ನಿಮಿಷಗಟ್ಟಲೆ ಅಲುಗದೆ ಇರಬೇಕು. ಅವಳ ಚಿತ್ರಗಳು ಮಂಜಾಗಿವೆ, ಫೋಕಸ್ ಇಲ್ಲ ಎಂದು ಆ ಕಾಲದ ಫೋಟೋಗ್ರಫಿ ಪಂಡಿತರು ಗೇಲಿ ಮಾಡಿದರು. 1867ರಲ್ಲಿ ಅವಳು ತೆಗೆದ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್‌ರ ಚಿತ್ರವನ್ನು ನೋಡಿ. ಎಪ್ಪತ್ತೈದರ ಮುದುಕ, ಕೆದರಿದ ಬಿಳಿ ಕೂದಲು, ಒಂದೇ ಕಡೆಯಿಂದ ಬಿದ್ದ ಬೆಳಕು. ಹಣೆಯ ಒಂದೊಂದು ಗೆರೆಯೂ ಉಳಿದಿದೆ, ಆದರೆ ಗೆರೆ ಎಣಿಸಬೇಕೆನಿಸುವುದಿಲ್ಲ, ಕಣ್ಣನ್ನು ನೋಡಬೇಕೆನಿಸುತ್ತದೆ. ನನ್ನ ಮೊಬೈಲು ಅಮ್ಮನ ಮುಖದಿಂದ ಅಳಿಸಿದ್ದೇನು ಎಂಬುದು ಆ ಚಿತ್ರ ನೋಡಿದ ಮೇಲೆ ತಿಳಿಯಿತು.

ಆಕೆಯನ್ನು ಸುಮ್ಮನೆ ಹೊಗಳಿ ಬಿಡುವಂತಿಲ್ಲ. ಮನೆಯಲ್ಲಿ ಆಳುಕಾಳು ಇದ್ದವಳು, ಸಿಲೋನಿನಲ್ಲಿ ಗಂಡನ ಕಾಫಿ ತೋಟಗಳಿದ್ದವು. ಮನೆಗೆಲಸದ ಹುಡುಗಿಯರನ್ನೇ ಮೇರಿಮಾತೆ, ದೇವತೆ ಎಂದು ಕೂರಿಸಿ ಚಿತ್ರ ತೆಗೆದಳು. ಅವರು ಪಾತ್ರೆ ತೊಳೆಯುವಾಗಿನ ಒಂದು ಚಿತ್ರ ತೆಗೆದಿದ್ದರೆ ನನಗೆ ಇನ್ನೂ ಹತ್ತಿರವಾಗುತ್ತಿದ್ದಳು. ಆದರೂ ಚೂಪಾಗಿರುವುದೇ ಚಿತ್ರವಲ್ಲ ಎಂಬ ಧೈರ್ಯವನ್ನು ನನಗೆ ಕೊಟ್ಟವಳು ಅವಳು. ಅಜ್ಜಿಯಾಗುವ ವಯಸ್ಸಿನಲ್ಲಿ ಶುರುಮಾಡಬಹುದು ಎಂಬ ಧೈರ್ಯವನ್ನು ಕೂಡ.

ಇನ್ನೊಬ್ಬರು ನಮ್ಮವರೇ, ಹೋಮಾಯ್ ವ್ಯಾರಾವಾಲಾ. 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿದ ಪಾರ್ಸಿ ಹೆಣ್ಣುಮಗಳು, ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿ. ಆಕೆ ತೆಗೆದ ಮೊದಮೊದಲ ಚಿತ್ರಗಳು ಅಚ್ಚಾದದ್ದು ಗಂಡ ಮಾಣೆಕ್‌ಶಾ ಹೆಸರಿನಲ್ಲಿ. ಇದನ್ನು ಓದಿದಾಗ “ಸರ್ ಬಂದಾಗ ಬನ್ನಿ” ಎಂಬ ಮಾತು ಮತ್ತೆ ಕಿವಿಯಲ್ಲಿ ಕೇಳಿಸಿತು. 1942ರಲ್ಲಿ ದಿಲ್ಲಿಗೆ ಬಂದರು. ಸೀರೆಯುಟ್ಟು, ಭಾರವಾದ ಸ್ಪೀಡ್ ಗ್ರಾಫಿಕ್ ಕ್ಯಾಮೆರಾ ಹಿಡಿದು, ಸೈಕಲ್ ಹೊಡೆದುಕೊಂಡು ಹೋಗಿ ಗಂಡಸರ ಗುಂಪಿನ ನಡುವೆ ನಿಂತು ಕೆಲಸ ಮಾಡಿದರು. ಕೆಂಪುಕೋಟೆಯ ಮೇಲೆ ಏರಿದ ಬಾವುಟ, ಗಾಂಧೀಜಿಯ ಅಂತ್ಯಯಾತ್ರೆ, 1956ರಲ್ಲಿ ಸಿಕ್ಕಿಮಿನ ಮೂಲಕ ಬಂದ ದಲಾಯಿ ಲಾಮಾ, ಎಲ್ಲವೂ ಅವರ ಚಿತ್ರಗಳಲ್ಲಿವೆ. ಪಾಲಂ ವಿಮಾನ ನಿಲ್ದಾಣದಲ್ಲಿ ಅವರು ತೆಗೆದ ಒಂದು ಚಿತ್ರವಂತೂ ನನಗೆ ಬಲು ಇಷ್ಟ. ತಂಗಿ ವಿಜಯಲಕ್ಷ್ಮಿ ಪಂಡಿತರನ್ನು ಕಾಯುತ್ತ ನೆಹರೂ ನಿಂತಿದ್ದಾರೆ, ಪಕ್ಕದಲ್ಲೇ ‘ಫೋಟೋ ತೆಗೆಯುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ’ ಎಂಬ ಬೋರ್ಡು! ಅಲ್ಲಿ ಬೇರೆ ಫೋಟೋಗ್ರಾಫರುಗಳೂ ಇದ್ದಿರಬಹುದು. ಪ್ರಧಾನಿಯನ್ನೂ ಬೋರ್ಡನ್ನೂ ಒಟ್ಟಿಗೆ ನೋಡಿದ ಕಣ್ಣು ಇವರದು. ಅದು ಯಾವ ಲೆನ್ಸಿನ ಜೊತೆಗೂ ಡಬ್ಬಿಯಲ್ಲಿ ಬರುವುದಿಲ್ಲ.

ಅವರು ಬಳಸಿದ ಇನ್ನೊಂದು ಕ್ಯಾಮೆರಾ ರೋಲಿಫ್ಲೆಕ್ಸ್. ಅದನ್ನು ಎದೆಯ ಕೆಳಗೆ ಹಿಡಿದು, ತಲೆ ಬಗ್ಗಿಸಿ ಮೇಲಿನಿಂದ ನೋಡಬೇಕು. ಎದುರಿನವರಿಗೆ ಕಣ್ಣೆದುರು ಯಂತ್ರವಿಟ್ಟು ಗುರಿ ಹಿಡಿದಂತೆ ಅನಿಸುವುದಿಲ್ಲ. ಅದಕ್ಕೆ ಹಾಕುವ ರೀಲು ಯಾವುದು ಗೊತ್ತೇ? 120. ಹನ್ನೆರಡು ಚದರ ಚಿತ್ರ. ನಮ್ಮಪ್ಪನ ಕ್ಲಿಕ್ ಡಬ್ಬಿಗೆ ಹಾಕುತ್ತಿದ್ದ ಅದೇ ಅಳತೆಯ ರೀಲು! ಲೆನ್ಸು ಬೇರೆ ಎಂಬುದು ನಿಜ. ಆದರೆ ಅದೇ ಹನ್ನೆರಡು ಚಿತ್ರಗಳಲ್ಲಿ ಒಬ್ಬರು ದೇಶವನ್ನು ಹಿಡಿದರು, ಇನ್ನೊಬ್ಬರು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು. ಅಪ್ಪನನ್ನು ದೂರುತ್ತಿಲ್ಲ, ಅವರಿಗೆ ಬೇಕಾಗಿದ್ದುದು ಆ ಸಾಲೇ. ಅವರ ನೋಟ ಅವರಿಚ್ಛೆ. 1970ರಲ್ಲಿ ಹೋಮಾಯ್ ಕೆಲಸ ನಿಲ್ಲಿಸಿದರು. 2011ರಲ್ಲಿ ಪದ್ಮವಿಭೂಷಣ ಬಂತು. 2012ರಲ್ಲಿ ತೀರಿಕೊಂಡದ್ದು ವಡೋದರದಲ್ಲಿ, ಅಪ್ಪನ ಕ್ಯಾಮೆರಾ ತಯಾರಾದ ಆ ಹಳೆಯ ಬರೋಡದಲ್ಲಿ.

ಇಷ್ಟೆಲ್ಲ ಓದಿ ಜಾಣೆಯಾದೆ ಎಂದುಕೊಂಡವಳು ಮಾಡಿದ ಎಡವಟ್ಟನ್ನೂ ಹೇಳಿಬಿಡುತ್ತೇನೆ. ಯಾರೋ ಬಳಸಿ ಮಾರಿದ್ದ ನಿಕಾನ್ ಡಿ5600 ದೇಹವೊಂದು ಸಿಕ್ಕಿತು. 2016ರ ಮಾದರಿ, ಎಪಿಎಸ್-ಸಿ ಸೆನ್ಸರು, ಹಳೆಯ ಎಫ್ ಮೌಂಟು. ಹೊಸದರ ಮೋಹದಲ್ಲಿ ಹಳೆಯದನ್ನು ಮಾರುವವರು ಬಹಳವಿರುವುದರಿಂದ ನಮ್ಮಂಥವರಿಗೆ ಇದು ಸುಗ್ಗಿಕಾಲ. ಅದಕ್ಕೆ ಬೇರೊಂದು ಅಂಗಡಿಯಲ್ಲಿ 50 ಎಂ.ಎಂ. ಎಫ್/1.8 ಲೆನ್ಸು ಅಗ್ಗಕ್ಕೆ ಕೊಟ್ಟರು. ಬಳೆ ಸರಿಯಾಗಿ ಕೂತಿತು, ನಾನು ಖುಷಿಯಾದೆ. ಮನೆಗೆ ಬಂದು ನೋಡಿದರೆ ಫೋಕಸ್ ತಾನಾಗಿ ಆಗುವುದೇ ಇಲ್ಲ. ಆ ಲೆನ್ಸಿನ ಹೆಸರಿನ ಕೊನೆಯಲ್ಲಿದ್ದ ‘ಡಿ’ ಅಕ್ಷರವನ್ನು ನಾನು ಲಕ್ಷಿಸಿರಲಿಲ್ಲ. ಆ ತರಹದ ಲೆನ್ಸಿಗೆ ಸ್ವಂತ ಮೋಟಾರು ಇರುವುದಿಲ್ಲ, ಕ್ಯಾಮೆರಾದ ದೇಹದಲ್ಲಿರಬೇಕು. ಡಿ5600ರಲ್ಲಿ ಅದಿಲ್ಲ. ಮೌಂಟು ಒಂದೇ ಆದರೂ ಎಲ್ಲ ಹೊಂದುತ್ತದೆ ಎಂದಲ್ಲ. ಗೋತ್ರ ಕೂಡಿದರೂ ಜಾತಕ ಕೂಡದ ಹಾಗೆ.

ಕೈಯಿಂದಲೇ ತಿರುಗಿಸಿ ಫೋಕಸ್ ಮಾಡೋಣವೆಂದರೆ ಇನ್ನೊಂದು ತೊಡಕು. ಚಿಕ್ಕ ಸೆನ್ಸರಿನಲ್ಲಿ 50ರ ಲೆನ್ಸು ಫುಲ್ ಫ್ರೇಮಿನ 75ರಂತೆ ನೋಡುತ್ತದೆ. ಎರಡು ಮೀಟರು ದೂರ ನಿಂತರೂ ಒಂದು ಮೀಟರಿನಷ್ಟು ಅಗಲ ಒಳಗೆ ಬರುವುದಿಲ್ಲ. ಅಮ್ಮ, ಭರಣಿ, ಮಿಡಿಯ ಬುಟ್ಟಿ ಮೂರೂ ಕಾಣಬೇಕೆಂದು ಹಿಂದೆ ಹಿಂದೆ ಸರಿದು ಹಿತ್ತಲ ಬಾಗಿಲು ದಾಟಿ ಕೊಟ್ಟಿಗೆಯ ಹತ್ತಿರ ಹೋಗಿ ನಿಂತೆ. “ಅಲ್ಲಿಂದ ಯಾರ ಫೋಟೋ ತೆಗೀತೀಯೇ, ದನದ್ದಾ?” ಎಂದಳು ಅಮ್ಮ. ಮರುವಾರ ನಷ್ಟ ಮಾಡಿಕೊಂಡು ಆ ಲೆನ್ಸು ಹಿಂದಿರುಗಿಸಿ 35 ಎಂ.ಎಂ. ಎಫ್/1.8 ಜಿ ತಂದೆ. ಈ ‘ಜಿ’ಗೆ ಸ್ವಂತ ಮೋಟಾರಿದೆ. ಅದೇ ಎರಡು ಮೀಟರಿನಿಂದ ಸುಮಾರು 1.3 ಮೀಟರು ಅಗಲ ಹಿಡಿಯುತ್ತದೆ. ಅಡಿಗೆಮನೆಯ ಹೊಸಿಲ ಮೇಲೆ ಕೂತರೆ ಎಲ್ಲವೂ ಒಳಗೆ. ಹಾಗಾಗಿ ಗೆಳತಿಯರೇ, ಲೆನ್ಸು ಕೊಳ್ಳುವ ಮೊದಲು ನೀವು ಎಲ್ಲಿ ಕೂತು ನೋಡುತ್ತೀರಿ ಎಂದು ಟೇಪು ಹಿಡಿದು ಅಳೆದುಕೊಳ್ಳಿ. ಯಾವ ವಿಮರ್ಶೆಯೂ ಈ ಅಳತೆಯನ್ನು ನಿಮಗೆ ಹೇಳಲಾರದು.

ನಮ್ಮ ಮಲೆನಾಡಿನವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಷ್ಟು ಬರುತ್ತದೆ, ಜೇಡರ ಬಲೆಯ ಹಾಗೆ. ಒಮ್ಮೆ ಹರಡಿದರೆ ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ. ಚರ್ಮದ ಚೀಲ, ಬಟ್ಟೆಯ ಚೀಲ ಎರಡೂ ತೇವ ಹಿಡಿದಿಡುತ್ತವೆ. ಅಕ್ಕಿಡಬ್ಬಿಯಲ್ಲಿಡಿ ಎನ್ನುತ್ತಾರೆ, ಇಡಬೇಡಿ, ಅಕ್ಕಿಯ ದೂಳು ಸಂದಿಗಳಿಗೆ ಸೇರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ ಪೊಟ್ಟಣ, ತೇವ ತೋರಿಸುವ ಒಂದು ಪುಟ್ಟ ಮಾಪಕ. ಮುಳ್ಳು 40ರಿಂದ 50ರ ನಡುವೆ ಇದ್ದರೆ ಸಾಕು. ಹಪ್ಪಳ ಕಾಪಾಡಲು ಬಲ್ಲವರಿಗೆ ಇದೇನು ಕಷ್ಟವಲ್ಲ.

ಈ ಬಾರಿ ಮಿಡಿ ಬಂದ ದಿನ ಬೆಳಿಗ್ಗೆ ಎಂಟಕ್ಕೇ ಹೊಸಿಲ ಮೇಲೆ ಕೂತೆ. ಐಎಸ್‌ಒ 1600, ಎಫ್/2, ಸೆಕೆಂಡಿನ 125ನೆಯ ಒಂದು ಭಾಗ. ಫ್ಲಾಶ್ ಇಲ್ಲ. ಕನ್ನಡಿಯ ಕ್ಯಾಮೆರಾ ಆದ್ದರಿಂದ ಪ್ರತಿ ಬಾರಿ ಟಕ್ ಎನ್ನುತ್ತದೆ. ಆದರೆ ಅಮ್ಮನಿಗೆ ಕಿವಿ ಮಂದ. ಶಬ್ದವಿಲ್ಲದ ಹೊಸ ಕ್ಯಾಮೆರಾಕ್ಕೆ ಕೊಡಬೇಕಾಗಿದ್ದ ಹಣವನ್ನು ಅಮ್ಮನ ಕಿವಿ ಉಳಿಸಿಕೊಟ್ಟಿತು! ಮೊದಲ ಹತ್ತು ನಿಮಿಷ ಸೆರಗು ಎಳೆದುಕೊಂಡು ಬಿಗಿದು ಕೂತಳು. ಆಮೇಲೆ ತೊಟ್ಟು ಮುರಿದ ಮಿಡಿಯೊಂದು ಸಿಕ್ಕಿತು, ತಂದುಕೊಟ್ಟವನನ್ನು ಬೈಯುತ್ತ ನನ್ನನ್ನು ಮರೆತಳು. ಅಲ್ಲಿಂದ ಅವಳು ನನ್ನ ಅಮ್ಮ. ಸುಮಾರು ಇನ್ನೂರು ಚಿತ್ರ ತೆಗೆದೆ. ಹೆಚ್ಚಿನವು ಕೆಟ್ಟವು. ಕೆಲವದರಲ್ಲಿ ಭರಣಿ ಸ್ಪಷ್ಟ, ಅಮ್ಮ ಮಸುಕು. ಬಾಯಿ ಅಗಲ ತೆರೆದಷ್ಟೂ ಲೆನ್ಸು ಒಂದೇ ದೂರದ ವಸ್ತುವನ್ನು ಮಾತ್ರ ಸ್ಪಷ್ಟವಾಗಿ ಹಿಡಿಯುತ್ತದೆ, ಆ ಪಾಠ ಹಾಗೆ ಆಯಿತು. ಒಂದರಲ್ಲಿ ಉಪ್ಪು ಹಾಕುವ ಬಲಗೈಯನ್ನು ಎಡಗೈ ಹಿಡಿದು ನಡುಕ ನಿಲ್ಲಿಸುತ್ತಿದೆ. ತೆಗೆಯುವಾಗ ನಾನದನ್ನು ಕಂಡಿರಲಿಲ್ಲ. ಆ ಚಿತ್ರವನ್ನು ನೋಡಿದ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಇನ್ನೂರರಲ್ಲಿ ಹನ್ನೆರಡನ್ನು ಆರಿಸಿ ಮುದ್ರಿಸಿದೆ. ಹನ್ನೆರಡೇ ಏಕೆಂದರೆ ಅಪ್ಪನ ರೀಲಿನ ಲೆಕ್ಕ. ತೆಗೆದುಕೊಂಡು ಹೋಗಿ ಅಮ್ಮನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಕಿಟಕಿಯ ಹತ್ತಿರ ಹೋಗಿ ಒಂದೊಂದನ್ನೇ ನೋಡಿದಳು. ಮುಖದ ಬಗ್ಗೆ ಏನೂ ಹೇಳಲಿಲ್ಲ, ಸುಕ್ಕಿನ ಬಗ್ಗೆಯೂ ಇಲ್ಲ. ಎಡಗೈ ಬಲಗೈಯನ್ನು ಹಿಡಿದಿದ್ದ ಆ ಚಿತ್ರಕ್ಕೆ ಬಂದಾಗ ಹೆಚ್ಚು ಹೊತ್ತು ನೋಡಿದಳು. ನಾನು ಉಸಿರು ಹಿಡಿದು ಕಾದೆ.

“ನೋಡು, ಈ ಪದರಕ್ಕೆ ಉಪ್ಪು ಕಡಿಮೆ ಬಿದ್ದಿದೆ” ಎಂದಳು. “ನನಗೆ ಆವತ್ತೇ ಅನುಮಾನ ಇತ್ತು. ನಡಿ, ಭರಣಿ ತೆಗಿ.”

ತೆಗೆದೆವು. ನಡುವಿನ ಪದರ ಮೆತ್ತಗಾಗತೊಡಗಿತ್ತು. ಇನ್ನೊಂದು ವಾರ ಬಿಟ್ಟಿದ್ದರೆ ಇಡೀ ಭರಣಿ ಕೆಡುತ್ತಿತ್ತು. ಅಮ್ಮ ಹೇಳುತ್ತ ಹೋದಳು, ಈ ಬಾರಿ ಉಪ್ಪು ಹಾಕಿದ್ದು ನನ್ನ ಕೈ. ಬರುವ ವರ್ಷದಿಂದ ಗಾದೆ ವಿಸ್ತರಣೆಯಲ್ಲಿ ಯಾವ ಹುಡುಗಿಯಾದರೂ ಬೇರೆ ಅರ್ಥ ಬರೆದರೆ ಪೂರ್ತಿ ಮೂರು ಅಂಕ ಕೊಡಬೇಕೆಂದು ಭರಣಿಯ ಬಾಯಿಗೆ ಬಟ್ಟೆ ಕಟ್ಟುವಾಗ ನಿಶ್ಚಯಿಸಿಕೊಂಡೆ.